ತಳದಲ್ಲಿ ಸಿಕ್ಕಿದ್ದು

ಮೋಟಾರು ಗುಂಯ್ ಎನ್ನುತ್ತಲೇ ಇತ್ತು, ಟ್ಯಾಂಕಿಗೆ ಮಾತ್ರ ಒಂದು ಹನಿ ನೀರು ಏರಲಿಲ್ಲ. ಮೋಹನನ್ ಸ್ವಿಚ್ಚು ಆರಿಸಿ ಬಂದು ಮೋಟಾರಿನ ಬಾಯಿಗೆ ನಾಲ್ಕನೆಯ ಕೊಡ ನೀರು ಸುರಿದ. ಸುರಿದದ್ದೆಲ್ಲ ಪೈಪಿನೊಳಗೆ ಗಟಗಟ ಇಳಿದು ಬಾವಿಗೇ ವಾಪಸು ಹೋಯಿತು. ಮೂರು ದಿನದಿಂದ ಇದೇ ಪಾಡು. ವಾಷರ್ ಬದಲಾಯಿಸಿದ್ದಾಯಿತು, ಜಾಯಿಂಟುಗಳಿಗೆ ಟೇಪು ಸುತ್ತಿದ್ದಾಯಿತು. ಮೊದಲೇ ನೀರಿಗೆ ತುಕ್ಕಿನ ವಾಸನೆ, ಮೇಲೆ ಇದು ಬೇರೆ. ಮಧ್ಯಾಹ್ನಕ್ಕೆ ಬೋರ್‌ವೆಲ್ ಲಾರಿ ಬರುತ್ತದೆ, ಬಾವಿಗೆ ಮಣ್ಣು ತುಂಬಿಸಿಬಿಡುವುದೇ ಸೈ ಎಂದು ಅವನು ಬೆಳಗಿನಿಂದ ಗೊಣಗುತ್ತಿದ್ದ. ಪೈಪನ್ನಾದರೂ ಉಳಿಸಿಕೊಳ್ಳೋಣವೆಂದು ಎಳೆದರೆ ಅದೂ ಮೇಲೆ ಬರಲಿಲ್ಲ, ತಳದಲ್ಲಿ ಏನೋ ಹಿಡಿದುಕೊಂಡಿತ್ತು. ಹಾಗಾಗಿ ಬಾವಲಿ ಎಂಬ ಊರಿನಿಂದ ಕಾಳನ್‌ನನ್ನು ಕರೆಸಿದ್ದು. ಆ ಸುತ್ತಿನ ಅರ್ಧ ಬಾವಿಗಳ ತಳ ಕಂಡವನು ಅವನು.

ಕಾಳನ್ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದುದನ್ನು ನೋಡಿ, ಒಳಗೆ ಉಸಿರಾಡಲು ಗಾಳಿಯಿದೆ ಎಂದು ಖಾತ್ರಿಯಾದ ಮೇಲೆ ತಾನು ಇಳಿದ.

ಮೋಹನನ್‌ನ ತಾಯಿ ನಾರಾಯಣಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೆಣಸು ಒಣಹಾಕಿದ ಚಾಪೆಯನ್ನು ಬಿಸಿಲಿಗೆ ಎಳೆದಳು, ಮತ್ತೆ ಇದ್ದಲ್ಲಿಗೇ ಎಳೆದಳು. ಗಂಡ ಈ ಬಾವಿ ತೋಡುವಾಗ ಮಣ್ಣಿನ ಬುಟ್ಟಿ ಮೇಲೆ ಎಳೆದವಳು ಅವಳೇ, ಆಗ ಮೋಹನನ್ ಹೊಟ್ಟೆಯಲ್ಲಿದ್ದ. ನೀರಿನ ವಾಸನೆಗೆ ಬೇಸತ್ತು ಮಗ ಮೊದಲ ಸಲ ಅದನ್ನು ಮುಚ್ಚುವ ಮಾತೆತ್ತಿದಾಗಲೇ ಅವಳಿಗೆ ಹೊಳೆದದ್ದು ಹಿರಿಯರ ಉಪಾಯ: ಬಾವಿಯೊಳಗೆ ನೆಲ್ಲಿಯ ಕಟ್ಟಿಗೆ ಹಾಕಿದರೆ ಎಂಥ ನೀರೂ ತಿಳಿಯಾಗುತ್ತದೆ. ವಾಸನೆ ಹೋದರೆ ಬೋರಿನ ಮಾತೂ ಹೋಗುತ್ತದಲ್ಲ. ಕಳೆದ ವಾರ, ಮನೆಯವರು ಏಳುವ ಮೊದಲು, ನೆಲ್ಲಿಯ ಕೊಂಬೆ ಕಡಿದು ಕಲ್ಲು ಕಟ್ಟಿ ಮುಳುಗಿಸಿದ್ದಳು. ಅದಾಗಿ ನಾಲ್ಕೇ ದಿನಕ್ಕೆ ನೀರು ನಿಂತಿತು. ತನ್ನ ಕೊಂಬೆಯದೇ ಕೆಲಸವೆಂದು ಗೊತ್ತಾಯಿತು, ಬಾಯಿ ಮಾತ್ರ ಬೇರೆ ದಾರಿ ಹಿಡಿಯಿತು. ಗಂಟೆಗಟ್ಟಲೆ ಓಡಿಸಿ ಮೋಟಾರು ಕೆಡಿಸಿದಳು ಎಂದು ಸೊಸೆ ಸರಿತಳನ್ನು ಮೂರು ದಿನ ಜಾಲಾಡಿದಳು. ಸರಿತ ಬೈಸಿಕೊಳ್ಳುತ್ತಲೇ ಪಕ್ಕದ ಮನೆಯಿಂದ ನೀರು ಹೊತ್ತಳು.

ಬುಟ್ಟಿಯೊಂದಿಗೆ ಕಾಳನ್ ಮೇಲೆ ಬಂದ. ಬುಟ್ಟಿಯ ಮೇಲ್ಗಡೆ ಪೈಪಿನ ತಳದ ತುದಿಯಿಂದ ಬಿಚ್ಚಿದ ಫುಟ್‌ವಾಲ್ವು, ಅದರ ಬಾಯಿ ತುಂಬ ಕೊಳೆತ ತೊಗಟೆ, ಕಪ್ಪಗಾದ ಎಲೆ. ಅವನು ನಾರಾಯಣಿಯನ್ನೊಮ್ಮೆ ನೋಡಿದ. ಅವಳು ಚಾಪೆಯ ಅಂಚು ಹಿಡಿದುಕೊಂಡೇ ಇದ್ದಳು.

"ಮರದ ಎಲೆ ಬಿದ್ದದ್ದು ಮೋನೇ," ಎಂದ ಮೋಹನನ್‌ಗೆ, ಮಗನನ್ನು ಕರೆಯುವ ಹಾಗೆ. "ವಾಲ್ವು ಬಾಯಿ ಮುಚ್ತಿರ್ಲಿಲ್ಲ, ಸುರಿದದ್ದೆಲ್ಲ ಇಳಿದು ಹೋಗ್ತಿತ್ತು. ತೊಳೆದು ಹಾಕಿದ್ರೆ ಶರಿಯಾಯ್ತು."

"ಅದನ್ನೇ ನಾನೂ ಹೇಳೋದು ಕಾಳೇಟ್ಟಾ. ಇವತ್ತು ತೊಳೀತೀವಿ, ನಾಳೆ ಗಾಳಿ ಬೀಸಿದ್ರೆ ಇನ್ನೊಂದು ರಾಶಿ. ಬೋರಿಗಾದ್ರೆ ಮುಚ್ಚಳ ಇರ್ತದೆ."

ಬಾವಿಯ ಮೇಲೆ ಬಾಗಿದ್ದದ್ದು ಹಲಸು, ಬುಟ್ಟಿಯಲ್ಲಿದ್ದದ್ದು ನೆಲ್ಲಿ. ತಲೆ ಕೆಟ್ಟ ಮೋಹನನ್‌ಗೆ ಅಷ್ಟೆಲ್ಲ ಎಲ್ಲಿ ಕಾಣಬೇಕು. ಕಾಳನ್ ಪಾಪ, ಅವಳ ಮಾನ ಉಳಿಸಲು ಹೋಗಿ ಬಾವಿಯ ಬುಡಕ್ಕೇ ಕೊಡಲಿ ಇಟ್ಟಿದ್ದ. ನಾರಾಯಣಿ ಬಾಯಿ ಬಿಟ್ಟರೆ ಬಾವಿ ಉಳಿದೀತು. ಆದರೆ ಸೊಸೆ ಅಲ್ಲೇ, ಖಾಲಿ ಕೊಡ ಸೊಂಟಕ್ಕಿಟ್ಟು ನಿಂತಿದ್ದಳು.

"ಮರದಿಂದ ಬಿದ್ದದ್ದಲ್ಲ ಅದು," ಎಂದಳು ನಾರಾಯಣಿ, ಚಾಪೆಗೆ ಹೇಳುವವಳ ಹಾಗೆ. "ನಾನು ಹಾಕಿದ್ದು. ನೆಲ್ಲಿ. ಮೋಟಾರು ಕೆಡಿಸಿದ್ದು ಇವಳಲ್ಲ."

ಮೋಹನನ್ ಬುಟ್ಟಿಯಿಂದ ಒಂದು ಎಲೆ ಎತ್ತಿ ನೋಡಿದ. ಕಾಳನ್‌ಗೆ ಸುಳ್ಳಿನ ಭಾರ ಇಳಿದಂತಾಗಿ ನಾಲಿಗೆ ಸಡಿಲವಾಯಿತು.

"ಹಲಗೆ ಹಾಕ್ಬೇಕಿತ್ತು ನಾರಾಯಣಿಯಮ್ಮ, ತೊಗಟೆ ತೆಗೆದು ಒಣಗಿಸಿದ್ದು. ಎಲೆ ಸಮೇತ ಹಸಿ ಕೊಂಬೆ ಯಾರಾದ್ರೂ ಹಾಕ್ತಾರಾ? ಅದೂ ಎರಡೆರಡು ಕಟ್ಟು."

"ಎರಡಾ? ನಾನು ಹಾಕಿದ್ದು ಒಂದೇ."

ಕಾಳನ್ ಬುಟ್ಟಿ ಮಗುಚಿದ. ಎರಡು ಕಲ್ಲು ಉರುಳಿದವು. ಒಂದಕ್ಕೆ ತೆಂಗಿನ ನಾರಿನ ಹುರಿ, ಅದು ನಾರಾಯಣಿ ಕಟ್ಟಿದ್ದು. ಇನ್ನೊಂದಕ್ಕೆ ಹೂವಿನ ಚಿತ್ತಾರದ ನೈಟಿಯಿಂದ ಹರಿದ ಪಟ್ಟಿ. ಆ ಮನೆಯಲ್ಲಿ ನೈಟಿ ಹಾಕುವವಳು ಒಬ್ಬಳೇ.

ಸರಿತ ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿದಳು. "ಬಾವಿ ಮುಚ್ತಾರೆ ಅಂದಾಗಿಂದ ನೀವು ನಿದ್ದೆ ಮಾಡ್ಲಿಲ್ಲ ಅತ್ತೆ. ಅದಕ್ಕೇ ಹಾಕಿದೆ. ನೀವೂ ಹಾಕಿದ್ದೀರಿ ಅಂತ ನಂಗೇನು ಗೊತ್ತು. ಬೈಸ್ಕೊಂಡದ್ದು ಮಾತ್ರ ಇಬ್ಬರ ಪಾಲಿಂದೂ ನಾನೇ," ಎಂದಳು.

ನಾರಾಯಣಿ ಚಾಪೆ ಬಿಟ್ಟು ಬಾವಿಯ ಹತ್ತಿರ ಬಂದಳು. ಅಷ್ಟರಲ್ಲಿ ಮೋಹನನ್‌ನ ಫೋನು ಹೊಡೆದುಕೊಂಡಿತು. ಲಾರಿಯವನು. ಮುಳ್ಳನ್‌ಕೊಲ್ಲಿ ಪೇಟೆಯಲ್ಲಿ ನಿಂತಿದ್ದೇವೆ, ಇನ್ನು ಎಡಕ್ಕೋ ಬಲಕ್ಕೋ ಎಂದು ಕೇಳುತ್ತಿದ್ದ. ಮೋಹನನ್ ದಾರಿ ಹೇಳಲು ಬಾಯಿ ತೆರೆದ. ಬಾವಿಯ ಆಚೆಗೊಬ್ಬಳು ಈಚೆಗೊಬ್ಬಳು ನಿಂತಿದ್ದ ಹೆಂಗಸರಿಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದರು.