ಆರು ದಿನದ ಮಾತು

ಅಪ್ಪನ ಕಿವಿಯ ಮೆಷಿನ್ ಮಗಳ ಕೈಚೀಲದ ತಳದಲ್ಲಿತ್ತು. ಐಸಿಯುಗೆ ಸೇರಿಸಿದ ದಿನದ ಗಡಿಬಿಡಿಯಲ್ಲಿ, ಕಳೆದುಹೋದೀತೆಂದು ತಾನೇ ಬಿಚ್ಚಿಟ್ಟುಕೊಂಡು ಮರೆತಿದ್ದಳು. ಮೂರು ವರ್ಷ ಮಾತು ಬಿಟ್ಟಿದ್ದಕ್ಕೆ ಆರು ದಿನದಿಂದ ಅವನ ಕಿವಿಯ ಬಳಿ ಪಿಸುಗುಟ್ಟುತ್ತ ಕ್ಷಮೆ ಕೇಳಿದ್ದೇ ಕೇಳಿದ್ದು.

“ಸಿಸ್ಟರ್, ಇದಿಲ್ದೆ ಅಪ್ಪಂಗೆ ಏನೂ ಕೇಳ್ಸಲ್ಲ.”

“ಅಯ್ಯೋ, ನಾವೂ ಗಂಟಲು ಹರ್ಕೊಂಡಿದ್ದೇ ಬಂತು!” ಎಂದ ಹಿರಿಯ ನರ್ಸ್, ಅಪ್ಪನ ಬಾಯಲ್ಲಿದ್ದ ಉಸಿರಿನ ಕೊಳವೆ ಅಲುಗದಂತೆ ಹಿಡಿದಳು. ಜೊತೆಯ ನರ್ಸ್ ಅವನ ತಲೆಯನ್ನು ತುಸುವೇ ಓರೆಮಾಡಿ, ಸ್ವಿಚ್ ಒತ್ತಿ, ಮೆಷಿನ್ ಸಿಕ್ಕಿಸಿದಳು. ಅದು ಕುಂಯ್ ಎಂದಿತು. ಅಪ್ಪನ ಮುಚ್ಚಿದ ರೆಪ್ಪೆ ಅದುರಿತು.

“ಹೂಂ, ಈಗ ಹೇಳಮ್ಮ. ಕೇಳ್ಸುತ್ತೆ.”

ನರ್ಸ್‌ಗಳಿಬ್ಬರೂ ಕಾದರು. ಆರು ದಿನ ಆಡಿದ್ದರಲ್ಲಿ ಒಂದು ಮಾತೂ ಮಗಳ ಬಾಯಿಗೆ ಬರಲಿಲ್ಲ. ಹೊದಿಕೆಯನ್ನು ಅವನ ಎದೆಯವರೆಗೆ ಎಳೆದಳು.

“ಅಪ್ಪಾ... ಚಳಿ ಆಗ್ತಿದ್ಯಾ?”