ಶ್ರೀಕಂಠನ ದನಿಯಲ್ಲಿ ವಾರ್ತೆ

ಯುದ್ಧ ಶುರುವಾದಾಗಿನಿಂದ ರೇಡಿಯೊ ವಾರ್ತೆ ಪ್ರತಿ ಮನೆಯಲ್ಲೂ ಆ ಮನೆಯವರು ಹೆಚ್ಚು ನಂಬುವವರ ದನಿಯಲ್ಲೇ ಬರುತ್ತಿತ್ತು. ಯಾರ ದನಿಯಲ್ಲಿ ಕೇಳಿಸಿದರೂ ಅದನ್ನು ಓದುವವಳು ವಾರಿಜಾ. ಅವಳ ಮನೆಯಲ್ಲಿ ಅದು ಗಡಿಗೆ ಹೋಗಿದ್ದ ಅಣ್ಣ ಶ್ರೀಕಂಠನ ದನಿಯಾಗುತ್ತಿತ್ತು.

ಅಣ್ಣ ಸತ್ತ ಸುದ್ದಿ ಇಂದು ಅವಳಿಗೆ ಸ್ಟುಡಿಯೊದಲ್ಲೇ ತಿಳಿಯಿತು. ಆದರೂ ಬರೆದುಕೊಟ್ಟ ವಾರ್ತೆಯನ್ನೇ ಓದಿ, ರೆಕಾರ್ಡ್ ಮಾಡಿಸಿ ಮನೆಗೆ ಬಂದಳು. ಅಮ್ಮ ಸೊಪ್ಪು ಬಿಡಿಸುತ್ತ ರೇಡಿಯೊ ಮುಂದೆ ಕೂತಿದ್ದರು.

“ನಮ್ಮ ಸೈನಿಕರಲ್ಲಿ ಒಬ್ಬರೂ...” ಶ್ರೀಕಂಠನ ದನಿ ಸಣ್ಣಗೆ ಬಿಕ್ಕಿತು. “ಸತ್ತಿಲ್ಲ.”

ಅಮ್ಮನ ಕೈ ನಿಂತಿತು. “ಅವನು ಹೀಗೆ ಬಿಕ್ಕೋನಲ್ಲ ಕಣೇ. ಚಿಕ್ಕಂದಿನಿಂದ ನೀನು ಅಳೋದು ಹೀಗೆ, ಮಾತು ನುಂಗ್ಕೊಂಡು.”

ವಾರಿಜಾ ರೇಡಿಯೊ ಆರಿಸಲು ಹೋದಳು. ಅಮ್ಮ ಅವಳ ಕೈ ಹಿಡಿದುಕೊಂಡರು.

“ಬೇಡ, ಇರ್ಲಿ. ವಾರ್ತೆ ಮುಗಿಯೋವರೆಗೆ ಮಾತಾಡ್ಲಿ ಅವನು.”