ಬುಟ್ಟಿಗೆ ಮರಳಿದ ರೊಟ್ಟಿ

ಬಿರುಕಿಲ್ಲದ ಒಂದು ರೊಟ್ಟಿಯನ್ನು ಬುಟ್ಟಿಯಿಂದ ಆರಿಸಿ ಬಲಿಪೀಠಕ್ಕೆ ಎತ್ತಬೇಕಾದ ಗಳಿಗೆಯಲ್ಲೇ ಪಾದ್ರಿ ಬಿಸೆಂತಿಯವರ ಕೈ ತಡೆಯಿತು. ನೈಲ್ ದಂಡೆಯ ಆ ಇಗರ್ಜಿ ಮೌನವಾಗಿತ್ತು. ‘ಕರ್ತನೇ, ಕರುಣಿಸು’ ಎಂದು ಹಾಡು ಎತ್ತಿಕೊಡಬೇಕಾದ ಕಣ್ಣಿಲ್ಲದ ಹಾಡುಗಾರ ಬಿಶಾಯ್ ತಾಳಗಳನ್ನು ಮಡಿಲಲ್ಲಿಟ್ಟುಕೊಂಡು, ತುಟಿ ಬಿಗಿದು ಕೂತಿದ್ದ. ಹೋದ ಭಾನುವಾರ ಎಲ್ಲರೆದುರು ತಾವೇ ಅವನನ್ನು ಹಂಗಿಸಿದ್ದು ಪಾದ್ರಿಗೆ ನೆನಪಾಯಿತು: “ನಿನ್ನ ಒಂದು ಹಲ್ಲೆಲೂಯ ಮುಗಿಯೋದ್ರೊಳಗೆ ತೊಟ್ಟಿಲ ಕೂಸಿಗೆ ಗಡ್ಡ ಬರುತ್ತೆ ಮಾರಾಯ!”

ಸಹೋದರನಿಗೆ ನಿನ್ನ ಮೇಲೆ ಮುನಿಸಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನೊಡನೆ ಒಂದಾಗು ಎಂಬ ಕರ್ತನ ಮಾತನ್ನು ಅವರು ಎಷ್ಟು ಸಲ ಬೋಧಿಸಿದ್ದರೋ! ಈಗ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೇ ಮರಳಿಸಿ, ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದು, ಬಿಶಾಯನ ಮುಂದೆ ನೆಲಕ್ಕೆ ಹಣೆ ಹಚ್ಚಿದರು.

“ಯಾರದು?”

“ನಾನೇ ಕಣಯ್ಯ, ಬಿಸೆಂತಿ. ನಾಲಿಗೆ ಜಾರಿತು, ಕ್ಷಮಿಸು.”

ಬಿಶಾಯ್ ಗಾಬರಿಯಿಂದ ತಡಕಾಡಿ ಅವರ ಭುಜ ಹಿಡಿದೆತ್ತಿದ. “ಏಳಿ ಅಬೂನಾ, ನಮ್ಮ ತಂದೆಯೇ, ಪೂಜೆ ಮುಗಿಯೋವರೆಗೂ ಜನ ಉಪವಾಸ ಇರ್ತಾರೆ. ಇವತ್ತು ಚಿಕ್ಕದಾಗೇ ಹಾಡಲಾ?”

“ಬೇಡಪ್ಪ. ತೊಟ್ಟಿಲ ಕೂಸಿಗೆ ಗಡ್ಡ ಬರೋವರೆಗೂ ಹಾಡು.”

“ಹಾಗಾದ್ರೆ ಕ್ಷೌರಿಕನಿಗೂ ಹೇಳಿ ಕಳಿಸಿ!” ಎಂದು ನಗುತ್ತಾ ಬಿಶಾಯ್ ತಾಳಗಳನ್ನು ಝಣ್ಣೆನಿಸಿದ.